ಮುಪ್ಪಿನ ನಾಯಿ, ಹಿತ್ತಲ ಗಿಡ, ಹತ್ತು ಗಂಟೆಯ ಕೆಲಸ

ಮನೆಯ ನಾಯಿಗೆ ಮುಪ್ಪು ಬರುವುದು ಒಂದು ದಿನದಲ್ಲಲ್ಲ. ಮನೆಯವರಿಗೆ ಅದು ತಿಳಿಯುವುದು ಮಾತ್ರ ಒಂದೇ ದಿನದಲ್ಲಿ. ಗೇಟಿನ ಸದ್ದಿಗೆ ಎಲ್ಲರಿಗಿಂತ ಮೊದಲು ಎದ್ದು ಓಡುತ್ತಿದ್ದ ಪ್ರಾಣಿ ಒಂದು ಬೆಳಗ್ಗೆ ಮಲಗಿದಲ್ಲಿಂದಲೇ ತಲೆಯೆತ್ತಿ ನೋಡಿ ಸುಮ್ಮನಾಗುತ್ತದೆ. ಮೂತಿಯ ಮೇಲಿನ ಕೂದಲು ಬೆಳ್ಳಗಾದುದು, ಮೆಟ್ಟಿಲ ಬಳಿ ಒಂದು ಗಳಿಗೆ ನಿಂತು ಯೋಚಿಸುವುದು, ಕರೆದರೆ ಬೇರೊಂದು ದಿಕ್ಕಿಗೆ ತಿರುಗುವುದು—ಇವೆಲ್ಲ ಅದುವರೆಗೆ ನಮ್ಮ ಕಣ್ಣಿಗೆ ಬಿದ್ದಿರುತ್ತವೆ, ಮನಸ್ಸಿಗೆ ಬಿದ್ದಿರುವುದಿಲ್ಲ. ಹತ್ತು ಗಂಟೆಗೆ ಕಚೇರಿಯನ್ನೋ ಕಾಲೇಜನ್ನೋ ಸೇರಬೇಕಾದವರ ಮನೆಯಲ್ಲಿ ಬೆಳಗಿನ ಹೊತ್ತು ಯಾರಿಗೂ ಯಾರನ್ನೂ ನಿಟ್ಟಿಸಿ ನೋಡಲು ಬಿಡುವಿಲ್ಲ.

ನಾಯಿಯ ಒಂದು ವರ್ಷ ಮನುಷ್ಯನ ಏಳು ವರ್ಷಕ್ಕೆ ಸಮವೆಂಬ ಲೆಕ್ಕವನ್ನು ನಾವೆಲ್ಲರೂ ಕೇಳಿದ್ದೇವೆ. ಈ ಲೆಕ್ಕ ಅಷ್ಟು ಸರಿಯಾದುದಲ್ಲ. ಮೊದಲನೆಯ ವರ್ಷವೊಂದರಲ್ಲೇ ನಾಯಿ ಹರೆಯಕ್ಕೆ ಬಂದುಬಿಡುತ್ತದೆ. ಆಮೇಲೆ ಅದರ ವಯಸ್ಸು ನಿಧಾನವಾಗಿ ಏರುತ್ತದೆ. ಅಷ್ಟೇ ಅಲ್ಲ, ದೊಡ್ಡ ಮೈಕಟ್ಟಿನ ಜಾತಿಗಳು ಬೇಗ ಮುದಿಯಾಗುತ್ತವೆ. ಗ್ರೇಟ್ ಡೇನ್‌ನಂಥ ನಾಯಿಗೆ ಆರೇಳು ವರ್ಷಕ್ಕೇ ಮುಪ್ಪು. ನಮ್ಮ ಬೀದಿಯಲ್ಲಿ ಹುಟ್ಟಿದ ನಾಡನಾಯಿಯಾದರೋ, ಹೊತ್ತಿಗೆ ಸರಿಯಾಗಿ ಅನ್ನ, ವರ್ಷಕ್ಕೊಮ್ಮೆ ಚುಚ್ಚುಮದ್ದು, ಮಲಗಲು ಒಂದು ಗೋಣಿಚೀಲ ಇಷ್ಟು ಸಿಕ್ಕಿದರೆ ಹದಿನಾಲ್ಕು ಹದಿನೈದು ವರ್ಷ ಬದುಕುವುದು ಅಪರೂಪವೇನಲ್ಲ. ದುಡ್ಡು ಕೊಟ್ಟು ತಂದ ವಿದೇಶದ ಮರಿಗಳಿಗಿಂತ ಇವು ಗಟ್ಟಿ. ನಾಡನಾಯಿಯನ್ನು ಸಾಕಿದವರೆಲ್ಲರೂ ಈ ಮಾತನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಾರೆ. ನಾನೂ ಆ ಪಂಗಡಕ್ಕೇ ಸೇರಿದವನು.

ನಮ್ಮ ಮನೆಯ ಕರಿಯ ಅಂಥದೇ ಒಂದು ನಾಯಿ. 2011ರಲ್ಲಿ ತಂದೆಯವರು ಅರವತ್ತು ತುಂಬಿ ಹೈಸ್ಕೂಲಿನ ಮೇಷ್ಟರ ಕೆಲಸದಿಂದ ನಿವೃತ್ತರಾದರು. ಬೀಳ್ಕೊಡುಗೆಯ ಶಾಲು, ಹಣ್ಣಿನ ಬುಟ್ಟಿಗಳೊಡನೆ ಬಸ್ಸಿಳಿದು ಬರುವಾಗ ಹಿಂದೆಯೇ ನಡೆದು ಬಂದ ಮರಿ ಇದು. ‘ನನ್ನ ಕೆಲಸ ಹೋಯಿತು, ಇದಕ್ಕೊಂದು ಕೆಲಸ ಸಿಕ್ಕಿತು’ ಎಂದು ಅವರು ಆಗಾಗ ಹೇಳುವುದುಂಟು. ಅಂದಿನಿಂದ ಬೆಂಗಳೂರಿನ ನಮ್ಮ ಹಳೆಯ ಬಡಾವಣೆಯ ಹಿತ್ತಲಿನಲ್ಲಿ ತಂದೆಯವರ ತೋಟಗಾರಿಕೆಗೂ ಕರಿಯನ ಕಾವಲಿಗೂ ಜೊತೆ. ಅವರು ಪಾತಿ ಮಾಡಿದರೆ ಇದು ಕೆದಕುವುದು. ಇದು ಕೆದಕಿದಲ್ಲಿ ಅವರು ಇನ್ನೊಂದು ಗಿಡ ನೆಡುವುದು.

ಮುದಿನಾಯಿಯ ವಿಚಾರದಲ್ಲಿ ನಾವು ಕಲಿತದ್ದರಲ್ಲಿ ಬಹುಪಾಲು ಸಣ್ಣ ಸಣ್ಣ ಸಂಗತಿಗಳು. ನೆಲದ ಮಾತನ್ನೇ ನೋಡಿ. ಈಗಿನ ಮನೆಗಳ ನುಣುಪಾದ ಟೈಲ್ಸ್ ನೆಲ ಕೀಲುನೋವಿನ ನಾಯಿಗೆ ಮಂಜುಗಡ್ಡೆ ಇದ್ದಂತೆ. ಎದ್ದೇಳಲು ಹೋದರೆ ಹಿಂಗಾಲು ಎರಡೂ ಎರಡು ಕಡೆಗೆ ಜಾರುತ್ತವೆ. ಒಮ್ಮೆ ಜಾರಿದ ಪ್ರಾಣಿ ಹೆದರಿ ಮತ್ತೆ ಏಳಲು ಮನಸ್ಸು ಮಾಡುವುದಿಲ್ಲ. ಮಲಗುವ ಜಾಗದಿಂದ ನೀರಿನ ಬೋಗುಣಿಯವರೆಗೆ, ಅಲ್ಲಿಂದ ಹಿತ್ತಲ ಬಾಗಿಲವರೆಗೆ ಹಳೆಯ ಜಮಖಾನದ ತುಂಡುಗಳನ್ನು ಹಾಸಿದೆವು. ಅದಕ್ಕೊಂದು ರಸ್ತೆಯಾಯಿತು. ನೀರಿನ ಬೋಗುಣಿಯನ್ನು ಒಂದು ಮಣೆಯ ಮೇಲಿಟ್ಟರೆ ಕತ್ತು ಬಗ್ಗಿಸುವ ಕಷ್ಟ ತಪ್ಪುತ್ತದೆ. ಕಿವಿ ಕೇಳದ ನಾಯಿಯನ್ನು ಹಿಂದಿನಿಂದ ಹೋಗಿ ಮುಟ್ಟಬಾರದು, ಬೆಚ್ಚಿ ಕಚ್ಚೀತು. ನೆಲವನ್ನು ಕಾಲಿನಿಂದ ಒಮ್ಮೆ ತಟ್ಟಿದರೆ ಆ ಅದುರು ಅದಕ್ಕೆ ತಿಳಿಯುತ್ತದೆ. ಕಣ್ಣು ಮಂಜಾಗಿ ನೀಲಿ ಛಾಯೆ ಕಂಡ ಕೂಡಲೇ ಪೊರೆ ಬಂದಿತೆಂದು ಗಾಬರಿಪಡಬೇಕಾಗಿಲ್ಲ. ಕಣ್ಣಿನ ಮಸೂರ ವಯಸ್ಸಿನಿಂದ ಗಟ್ಟಿಯಾದರೂ ಹಾಗೆ ಕಾಣುತ್ತದೆ, ಅದರಿಂದ ನೋಟಕ್ಕೆ ಅಷ್ಟಾಗಿ ಕುಂದಿಲ್ಲ. ಯಾವುದು ಯಾವುದೆಂದು ವೈದ್ಯರು ನೋಡಿ ಹೇಳಬೇಕು. ಇನ್ನು ಮನೆಯ ಮೇಜು ಕುರ್ಚಿಗಳನ್ನು ದೀಪಾವಳಿಗೋ ಯುಗಾದಿಗೋ ಜಾಗ ಬದಲಿಸುವ ಹವ್ಯಾಸವಿರುವ ಗೃಹಿಣಿಯರು, ಕುರುಡು ನಾಯಿ ಮನೆಯಲ್ಲಿರುವಷ್ಟು ಕಾಲ ಆ ಹವ್ಯಾಸವನ್ನು ಬಿಟ್ಟರೆ ಒಳ್ಳೆಯದು. ಅದು ಮನೆಯನ್ನು ಬಾಯಿಪಾಠ ಮಾಡಿಕೊಂಡಿರುತ್ತದೆ.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆಗಳಿಗೆ ಒಂದು ಎಚ್ಚರಿಕೆ ಬೇಕು. ಮಿಕ್ಕ ಹುಳಿಯನ್ನ ಹಾಕುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ಪದ್ಧತಿ. ಆದರೆ ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಅವುಗಳ ಆ ಗುಣ ಹೋಗುವುದಿಲ್ಲ. ದ್ರಾಕ್ಷಿ ಇನ್ನೂ ಕೆಟ್ಟದ್ದು. ಹಸಿಯದಾಗಲಿ ಒಣಗಿದ್ದಾಗಲಿ ಅದು ನಾಯಿಯ ಮೂತ್ರಪಿಂಡವನ್ನೇ ಹಾಳುಗೆಡವಬಲ್ಲದು. ಹಬ್ಬದ ದಿನ ಪಾಯಸದ ತಳದಲ್ಲಿ ಉಳಿದ ನಾಲ್ಕು ದ್ರಾಕ್ಷಿಯನ್ನು ಪ್ರೀತಿಯಿಂದ ನಾಯಿಯ ತಟ್ಟೆಗೆ ಸುರಿಯುವ ಅಜ್ಜಿಯರು ಎಷ್ಟು ಮನೆಗಳಲ್ಲಿಲ್ಲ! ಚಾಕೊಲೇಟಿನ ಮಾತು ಈಗ ಎಲ್ಲರಿಗೂ ತಿಳಿದೇ ಇದೆ. ನಮ್ಮ ತಾಯಿಯವರು ಕರಿಯನ ಪಾಲಿನ ಅನ್ನವನ್ನು ಒಗ್ಗರಣೆಗೆ ಮುಂಚೆಯೇ ತೆಗೆದಿಡುತ್ತಿದ್ದರು. ದೇವರ ನೈವೇದ್ಯದ ಪಕ್ಕದಲ್ಲಿ ನಾಯಿಯ ಬಟ್ಟಲು! ಮೊದಮೊದಲು ಅವರಿಗೆ ಇದು ಸರಿಬೀಳಲಿಲ್ಲ. ಆಮೇಲೆ ‘ಇಬ್ಬರಿಗೂ ಈರುಳ್ಳಿ ಆಗುವುದಿಲ್ಲ ತಾನೆ’ ಎಂದು ಸಮಾಧಾನ ಮಾಡಿಕೊಂಡರು.

ಔಷಧದ ಪೆಟ್ಟಿಗೆಯ ಮಾತು ಇದಕ್ಕಿಂತ ಮುಖ್ಯವಾದುದು. ನಾಯಿ ಕುಂಟುವುದನ್ನು ನೋಡಲಾರದೆ, ತಾವು ಮೊಣಕಾಲು ನೋವಿಗೆ ನುಂಗುವ ಮಾತ್ರೆಯಲ್ಲಿ ಅರ್ಧ ಮುರಿದು ಬೆಲ್ಲದಲ್ಲಿಟ್ಟು ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಔಷಧಗಳು ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೆ ಘಾತ ತರುತ್ತವೆ. ಬೆಕ್ಕಿಗಂತೂ ಒಂದು ಪ್ಯಾರಸಿಟಮಾಲ್ ಮಾತ್ರೆಯೇ ಪ್ರಾಣ ತೆಗೆದೀತು. ಒಂದು ಜೀವಕ್ಕೆ ಔಷಧವಾದುದು ಇನ್ನೊಂದಕ್ಕೆ ವಿಷವಾಗುವ ಕಥೆಯನ್ನು ನಮ್ಮ ದೇಶ ದೊಡ್ಡ ಪ್ರಮಾಣದಲ್ಲಿಯೇ ನೋಡಿದೆ. ದನಗಳ ನೋವಿಗೆಂದು ಕೊಟ್ಟ ಡೈಕ್ಲೊಫೆನಾಕ್, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ ಅವುಗಳ ಸಂತತಿಯನ್ನೇ ಅಳಿಸುತ್ತ ಬಂದಿತು. ಕಾರಣ ತಿಳಿದದ್ದು 2004ರಲ್ಲಿ. ಜಾನುವಾರುಗಳಿಗೆ ಆ ಔಷಧವನ್ನು ಭಾರತದಲ್ಲಿ ನಿಷೇಧಿಸಿದ್ದು 2006ರಲ್ಲಿ. ನಮ್ಮ ಸಮೀಪದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಬೇಕಾಗಿ ಬಂದದ್ದರ ಹಿಂದೆ ಈ ಸಣ್ಣ ಮಾತ್ರೆಯ ನೆರಳಿದೆ.

ಹೋದ ವರ್ಷಗಳಲ್ಲಿ ಕರಿಯ ನೀರು ಕುಡಿಯುವುದು ಹೆಚ್ಚಾಯಿತು. ಇದನ್ನು ಮೊದಲು ಗಮನಿಸಿದವರು ತಂದೆಯವರು. ಬೋಗುಣಿಗೆ ನೀರು ಹಾಕುವುದು ಅವರ ಕೆಲಸವಾದ್ದರಿಂದ. ಬೇಸಿಗೆಯಲ್ಲವೇ ಎಂದು ನಾವೆಂದೆವು. ಅವರು ಮೇಷ್ಟರು, ಅಂದಾಜಿನ ಮಾತನ್ನು ಒಪ್ಪುವವರಲ್ಲ. ಬೆಳಗ್ಗೆ ಎರಡು ಲೀಟರು ಅಳೆದು ಹಾಕಿ, ಮರುದಿನ ಬೆಳಗ್ಗೆ ಉಳಿದದ್ದನ್ನು ಅಳೆದು, ಒಂದು ವಾರದ ಲೆಕ್ಕವನ್ನು ಕಾಗದದ ಮೇಲೆ ಬರೆದರು. ಆ ಕಾಗದವನ್ನು ನೋಡಿದ ಪಶುವೈದ್ಯರಿಗೆ ಬಹಳ ಸಂತೋಷವಾಯಿತು. ‘ಎಲ್ಲರೂ ಜಾಸ್ತಿ ಕುಡೀತದೆ ಅಂತಾರೆ, ಎಷ್ಟು ಅಂತ ಯಾರೂ ಹೇಳೋದಿಲ್ಲ ಮೇಷ್ಟ್ರೇ’ ಎಂದರು. ದೇಹದ ತೂಕದ ಒಂದು ಕಿಲೋಗ್ರಾಮಿಗೆ ದಿನಕ್ಕೆ 100 ಮಿಲಿಲೀಟರು ಮೀರಿದರೆ ಅದು ಬರಿಯ ಬಾಯಾರಿಕೆಯಲ್ಲವಂತೆ. ಕರಿಯನ ತೂಕ ಹದಿನಾರು ಕಿಲೋ. ಅದು ಕುಡಿಯುತ್ತಿದ್ದುದು ದಿನಕ್ಕೆ ಒಂದು ಲೀಟರು ಮುಕ್ಕಾಲು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ದೋಷ, ಗರ್ಭಚೀಲ ತೆಗೆಸದ ಹೆಣ್ಣುನಾಯಿಯಾದರೆ ಗರ್ಭಕೋಶದ ಕೀವು—ಇವುಗಳಲ್ಲಿ ಯಾವುದಾದರೂ ಇರಬಹುದು. ರಕ್ತಪರೀಕ್ಷೆಯಾಯಿತು. ಮೂತ್ರಪಿಂಡ. ಅದರ ಕೆಲಸ ಸುಮಾರು ಮುಕ್ಕಾಲು ಪಾಲು ನಿಂತ ಮೇಲೆಯೇ ಸಾಮಾನ್ಯ ಪರೀಕ್ಷೆಗಳಲ್ಲಿ ದೋಷ ಕಾಣಿಸಿಕೊಳ್ಳುವುದೆಂದು ವೈದ್ಯರು ವಿವರಿಸಿದರು. ಏಳೆಂಟು ವರ್ಷ ದಾಟಿದ ನಾಯಿಗೆ ವರ್ಷಕ್ಕೊಮ್ಮೆಯಾದರೂ ರಕ್ತ, ಮೂತ್ರದ ಪರೀಕ್ಷೆ ಮಾಡಿಸಬೇಕೆನ್ನುವುದು ಇದಕ್ಕಾಗಿಯೇ. ಬೆಂಗಳೂರಿನ ಓದುಗರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. 1958ರಲ್ಲಿ ಆರಂಭವಾದ ಸಂಸ್ಥೆ. ಬೇರೆ ಊರಿನವರು ತಮ್ಮ ಸರ್ಕಾರಿ ಪಶುಆಸ್ಪತ್ರೆಯನ್ನು ಕಡೆಗಣಿಸಬಾರದು. ಅದು ದನಗಳಿಗೆ ಮಾತ್ರವೆಂದು ಎಷ್ಟೋ ಜನ ತಿಳಿದಿದ್ದಾರೆ.

ಕಾಯಿಲೆಯ ನಾಯಿಯನ್ನು ನೋಡಿಕೊಳ್ಳುವುದಕ್ಕೂ ಹೊಟ್ಟೆಪಾಡಿನ ಕೆಲಸಕ್ಕೂ ಹೊಂದಿಸುವುದು ಹೇಗೆ? ಮಕ್ಕಳಿಗೆ ಜ್ವರವೆಂದರೆ ರಜೆ ಕೊಡುತ್ತಾರೆ. ಅತ್ತೆಗೆ ಕಾಯಿಲೆಯೆಂದರೂ ಮುಖ ಸಿಂಡರಿಸಿಯಾದರೂ ಕೊಡುತ್ತಾರೆ. ನಾಯಿಗೆ ಹುಷಾರಿಲ್ಲವೆಂದು ರಜೆಯ ಅರ್ಜಿಯಲ್ಲಿ ಬರೆಯುವ ಧೈರ್ಯ ಯಾರಿಗಿದೆ? ‘ಗೃಹಕೃತ್ಯ’ ಎಂಬ ಒಂದು ಉಪಯುಕ್ತ ಶಬ್ದ ನಮ್ಮ ಭಾಷೆಯಲ್ಲಿದೆ. ಅದರ ಹೊಟ್ಟೆಯಲ್ಲಿ ಏನನ್ನು ಬೇಕಾದರೂ ಅಡಗಿಸಬಹುದು. ನನ್ನ ಹೆಂಡತಿ ಬ್ಯಾಂಕಿನಲ್ಲಿದ್ದಾಳೆ. ಬ್ಯಾಂಕುಗಳಿಗೆ 2015ರಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ವೈದ್ಯರ ಭೇಟಿಯನ್ನೆಲ್ಲ ಆ ಎರಡು ಶನಿವಾರಗಳಿಗೆ ಕಟ್ಟಿಹಾಕಿದ್ದು ಅವಳ ಜಾಣ್ಮೆ. ನನ್ನ ಪಾಲಿಗೆ ಬಂದದ್ದು ಉತ್ತರಪತ್ರಿಕೆಗಳ ಮೌಲ್ಯಮಾಪನದ ಕಾಲ. ದಿನವಿಡೀ ಕೂತು ಪತ್ರಿಕೆ ತಿದ್ದಿ ಬಂದವನಿಗೆ ರಾತ್ರಿಯಲ್ಲಿ ನಿದ್ದೆ ಬೇಕು. ಕರಿಯನಿಗೋ ರಾತ್ರಿಯಲ್ಲಿ ನಿದ್ದೆಯಿಲ್ಲ. ಮುದಿನಾಯಿಗಳಲ್ಲಿ ಕೆಲವಕ್ಕೆ ಬುದ್ಧಿ ಮಂಕಾಗುತ್ತದೆ: ಹಗಲೆಲ್ಲ ಮಲಗಿ ರಾತ್ರಿ ನಡುಮನೆಯಲ್ಲಿ ಸುತ್ತುವುದು, ಮೂಲೆಯ ಗೋಡೆಯನ್ನು ನೋಡುತ್ತ ನಿಂತುಬಿಡುವುದು, ಬಾಗಿಲ ಸಂದಿಯಲ್ಲಿ ಸಿಕ್ಕಿ ಹಿಂದಕ್ಕೆ ಬರಲು ತಿಳಿಯದೆ ಕುಂಯ್‌ಗುಟ್ಟುವುದು. ಮನುಷ್ಯರ ಮರೆವಿನ ಕಾಯಿಲೆಯಂಥದೇ ಇದು. ಬೈದರೆ ಪ್ರಯೋಜನವಿಲ್ಲ. ನಡುಮನೆಯಲ್ಲಿ ಒಂದು ಸಣ್ಣ ದೀಪವನ್ನು ರಾತ್ರಿಯಿಡೀ ಉರಿಯಲು ಬಿಟ್ಟರೆ, ಸಂಜೆ ಸ್ವಲ್ಪ ನಡೆದಾಡಿಸಿದರೆ ಕೊಂಚ ಮಟ್ಟಿಗೆ ಗುಣ ಕಾಣುತ್ತದೆ.

ನಮಗೆ ದೊರೆತ ನಿಜವಾದ ಸಹಾಯ ಮಹಡಿಯ ಮೇಲಿಂದ ಬಂತು. ಅಲ್ಲಿ ಬಾಡಿಗೆಗಿರುವ ಹುಬ್ಬಳ್ಳಿ ಕಡೆಯ ಯುವಕನಿಗೆ ಸಾಫ್ಟ್‌ವೇರ್ ಉದ್ಯೋಗ; ಅಮೆರಿಕದ ಹಗಲು ಅವನ ರಾತ್ರಿ. ಎರಡು ಗಂಟೆಗೆ ಚಹಾ ಮಾಡಿಕೊಳ್ಳಲು ಏಳುವ ಅಭ್ಯಾಸವಿದ್ದವನು ಕೆಳಗಿನ ನಾಯಿಯ ಸದ್ದು ಕೇಳಿ ಒಂದು ದಿನ ಇಳಿದು ಬಂದ. ‘ನೀವ್ ಮಲಕ್ಕೋರಿ ಸರ್, ಹೆಂಗಿದ್ರೂ ನಾ ಎದ್ದೇ ಇರ್ತೀನಿ’ ಎಂದ. ಅಂದಿನಿಂದ ರಾತ್ರಿಯ ಪಾಳಿ ಅವನದು, ಬೆಳಗಿನ ಐದರ ಪಾಳಿ ತಂದೆಯವರದು, ಸಂಜೆ ನಮ್ಮ ಮಗಳದು. ಮುದುಕರನ್ನಾಗಲಿ ಮುದಿಪ್ರಾಣಿಯನ್ನಾಗಲಿ ನೋಡಿಕೊಳ್ಳುವ ಭಾರವನ್ನು ಮನೆಯಲ್ಲಿ ಒಬ್ಬರೇ ಹೊರುವುದು ನಮ್ಮ ಸಂಸಾರಗಳ ರೂಢಿ. ಸಾಮಾನ್ಯವಾಗಿ ಆ ಒಬ್ಬರು ಹೆಂಗಸಾಗಿರುತ್ತಾರೆ. ಕೇಳಿದರೆ ಕೈಜೋಡಿಸುವ ಜನ ಹತ್ತಿರದಲ್ಲೇ ಇರುತ್ತಾರೆ. ಬಾಡಿಗೆಯ ಕರಾರಿನಲ್ಲಿ ಬರೆಯದ ಈ ಉಪಕಾರಕ್ಕೆ ನಮ್ಮ ತಾಯಿಯವರು ಭಾನುವಾರದ ಊಟವನ್ನು ಅವನಿಗೆ ಗೊತ್ತುಮಾಡಿದರು. ಅವನಿಗೆ ಜೋಳದ ರೊಟ್ಟಿಯ ಆಸೆ, ಇವರಿಗೆ ಅದು ತಟ್ಟಲು ಬಾರದು. ಇವರ ರೊಟ್ಟಿಯನ್ನು ಅವನು ಹೇಗೆ ಹೊಗಳುತ್ತಾನೆಂಬುದೇ ನೋಡತಕ್ಕ ದೃಶ್ಯ.

ಇನ್ನು ಹಿತ್ತಲು. ನಾಯಿಯಿರುವ ಮನೆಯ ತೋಟಕ್ಕೆ ಬೇರೆಯೇ ಒಂದು ಶಾಸ್ತ್ರವಿದೆ. ಕಣಗಿಲೆ ನಮ್ಮ ದೇವರ ಪೂಜೆಯ ಗಿಡ. ಅದರ ಎಲೆ, ತೊಗಟೆ, ಹೂವು ಎಲ್ಲವೂ ಹೃದಯಕ್ಕೆ ವಿಷ. ಉಮ್ಮತ್ತಿಯೂ ಅಷ್ಟೇ. ಈಚೆಗೆ ಅಂಗಳದ ಶೋಭೆಗೆಂದು ನೆಡುವ ಸೈಕಸ್ ಗಿಡದ ಬೀಜವನ್ನು ನಾಯಿ ಜಗಿದರೆ ಯಕೃತ್ತು ಕೆಡುತ್ತದೆ. ಆರೋಗ್ಯವಂತ ನಾಯಿ ಸಾಮಾನ್ಯವಾಗಿ ಇವನ್ನು ಮೂಸಿ ಬಿಡುತ್ತದೆ; ಮಂಕು ಕವಿದ ಮುದಿನಾಯಿಗೆ ಆ ವಿವೇಕ ಉಳಿದಿರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಹೆದರಬೇಕಾದದ್ದು ಹರಳು ಹಿಂಡಿಗೆ. ಗುಲಾಬಿಗೆ ಒಳ್ಳೆಯ ಗೊಬ್ಬರವೆಂದು ಅದನ್ನು ಮೂಳೆಪುಡಿಯೊಡನೆ ಬೆರೆಸಿ ಬುಡಕ್ಕೆ ಹಾಕುವವರುಂಟು. ಮೂಳೆಯ ವಾಸನೆಗೆ ನಾಯಿ ಬುಡವನ್ನು ಕೆದಕಿ ತಿನ್ನುತ್ತದೆ. ಹರಳಿನಲ್ಲಿರುವ ರೈಸಿನ್ ಎಂಬ ವಿಷ ಎಣ್ಣೆಯಲ್ಲಿ ಹೋಗದೆ ಹಿಂಡಿಯಲ್ಲೇ ಉಳಿಯುವಂಥದು. ನಾಯಿಯಿರುವ ಮನೆಗೆ ಬೇವಿನ ಹಿಂಡಿಯೂ ಎಲೆಗೊಬ್ಬರವೂ ಸಾಕು. ಆ ಎಲೆಗೊಬ್ಬರದ ಗುಂಡಿಗೆ ನಾಯಿಯ ಹೇಲನ್ನು ಮಾತ್ರ ಸೇರಿಸಬಾರದು. ಸಗಣಿಯಂತೆ ಅದು ಗೊಬ್ಬರವಲ್ಲ. ಅದರಲ್ಲಿ ಮನುಷ್ಯರಿಗೂ ತಗಲುವ ಜಂತುಗಳ ಮೊಟ್ಟೆಗಳಿರಬಹುದು.

ಮಳೆಗಾಲ ಬಂತೆಂದರೆ ಬೆಂಗಳೂರಿನ ಹಿತ್ತಲುಗಳಿಗೆ ಆಫ್ರಿಕದ ದೈತ್ಯ ಬಸವನಹುಳುವಿನ ಕಾಟ. ಒಂದೇ ರಾತ್ರಿಯಲ್ಲಿ ಸಸಿಗಳ ಒಂದು ಪಾತಿಯನ್ನು ಬೋಳಿಸಿಬಿಡುತ್ತವೆ. ಅಂಗಡಿಯಲ್ಲಿ ಮೆಟಾಲ್ಡಿಹೈಡ್ ಎಂಬ ವಿಷದ ಗುಳಿಗೆ ಸಿಗುತ್ತದೆ. ನಾಯಿಗೆ ಆ ಗುಳಿಗೆ ರುಚಿ. ತಿಂದ ನಾಯಿ ನಡುಗಿ, ಸೆಟೆದು, ಕೆಲವೇ ಗಂಟೆಗಳಲ್ಲಿ ಸಾಯಬಹುದು. ನಮ್ಮ ತಂದೆಯವರ ವಿಧಾನ ಬೇರೆ. ಸಂಜೆ ಒಂದು ಒದ್ದೆ ಗೋಣಿಚೀಲವನ್ನು ಹಾಸಿ, ಕೋಸಿನ ಹೊರಗಿನ ಎಲೆಗಳನ್ನೂ ಪರಂಗಿಯ ಸಿಪ್ಪೆಯನ್ನೂ ಅದರಡಿ ಹರಡುವುದು. ಬೆಳಕು ಹರಿಯುವ ಮೊದಲು ಗೋಣಿಯನ್ನೆತ್ತಿ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಸೇರಿದ ಹುಳುಗಳನ್ನು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದು. ಎಣಿಸುವುದೂ ಉಂಟು. ಬರಿಗೈಯಲ್ಲಿ ಮುಟ್ಟಬಾರದು, ಅವುಗಳಲ್ಲಿ ರೋಗದ ಜಂತುಗಳಿರುತ್ತವೆ.

ಸೇವಂತಿಗೆಯ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ನಮ್ಮ ಬೀದಿಯಲ್ಲಿ ಇದು ದೊಡ್ಡ ಚರ್ಚೆಗೆ ಕಾರಣವಾಯಿತು. ಒಂದೇ ತಾಯಿಗಿಡದಿಂದ ಕಿತ್ತು ನೆಟ್ಟ ಕಂದುಗಳು. ಕಾಂಪೌಂಡಿನ ಕಡೆಯವು ನವೆಂಬರಿನಲ್ಲೂ ಮೊಗ್ಗು ಬಿಡಲಿಲ್ಲ, ಬಾವಿಯ ಕಡೆಯವು ತುಂಬಿ ಅರಳಿದವು. ಎದುರು ಮನೆಯ ಅಮ್ಮನವರು ದೃಷ್ಟಿಯೆಂದರು. ಕಾರಣವಾದದ್ದು ಹೊಸದಾಗಿ ಬಂದ ಬೀದಿಯ ದೀಪ. ಸೇವಂತಿಗೆ ಹಗಲು ಕಿರಿದಾಗಿ ಇರುಳು ಹಿರಿದಾಗುವ ಕಾಲವನ್ನು ಅರಿತು ಮೊಗ್ಗೊಡೆಯುವ ಗಿಡ; ರಾತ್ರಿಯೆಲ್ಲ ದೀಪ ಸುರಿಯುತ್ತಿದ್ದರೆ ಅದಕ್ಕೆ ಚಳಿಗಾಲ ಬಂದುದೇ ತಿಳಿಯದು. ಕುಂಡಗಳಲ್ಲಿದ್ದವನ್ನು ಬಾವಿಯ ಕಡೆಗೆ ಸಾಗಿಸಿದ ಮೇಲೆ ಅವೂ ಹೂಬಿಟ್ಟವು. ಗಿಡ ಹೂ ಬಿಡಲಿಲ್ಲವೆಂದು ಗೊಬ್ಬರದ ಮೇಲೆ ಗೊಬ್ಬರ ಸುರಿಯುವವರು ಒಮ್ಮೆ ರಾತ್ರಿಯ ಹೊತ್ತು ಹೊರಗೆ ಬಂದು ನೋಡುವುದು ಒಳ್ಳೆಯದು.

ನೀರಿನ ಕಷ್ಟವನ್ನು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದವರಿಗೆ 5000 ರೂಪಾಯಿ ದಂಡವೆಂದು ಆಜ್ಞೆ ಹೊರಡಿಸಿದ್ದನ್ನು ಯಾರೂ ಮರೆತಿರಲಾರರು. ಆ ಬೇಸಿಗೆಯಲ್ಲಿ ನಮ್ಮ ಹಿತ್ತಲು ಬದುಕಿದ್ದು ಅಕ್ಕಿ ತೊಳೆದ ನೀರಿನಿಂದ, ತರಕಾರಿ ತೊಳೆದ ನೀರಿನಿಂದ, ಬುಡಕ್ಕೆ ಹೊದಿಸಿದ ತೆಂಗಿನ ನಾರಿನಿಂದ. ಕರಿಯ ಅರ್ಧ ಕುಡಿದು ಬಿಟ್ಟ ನೀರೂ ಕನಕಾಂಬರದ ಪಾತಿಗೇ. ಅಳತೆ ಮಾಡಿ ಆದ ಮೇಲೆ, ಅಷ್ಟೆ.

ಇಷ್ಟೆಲ್ಲ ಸಲಹೆಗಳನ್ನು ಬರೆಯುವುದು ಸುಲಭ. ಯಾವ ಸಲಹೆಯೂ ನಿಲುಕದ ಒಂದು ಪ್ರಶ್ನೆ 2025ರ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂತು. ಕರಿಯ ಊಟ ಬಿಟ್ಟಿತು. ಗ್ಲೂಕೋಸು ನೀರನ್ನು ಚರ್ಮದಡಿಗೆ ಏರಿಸಿದರೆ ಎರಡು ದಿನ ಚೇತರಿಕೆ, ಮೂರನೆಯ ದಿನ ವಾಂತಿ. ಪ್ರಾಣಿಗೆ ನೋವಿಲ್ಲದ ಮರಣ ಕೊಡಿಸುವ ಮಾತನ್ನು ಮೊದಲು ಎತ್ತಿದವಳು ನನ್ನ ಹೆಂಡತಿ. ತಂದೆಯವರು ತಟ್ಟೆಯ ಮುಂದಿನಿಂದ ಎದ್ದುಹೋದರು. ‘ಸಾಕಿದ ಕೈಯಿಂದಲೇ ಕೊಲ್ಲುವ ಸಂಪ್ರದಾಯ ನಮ್ಮಲ್ಲಿಲ್ಲಮ್ಮ’ ಎಂದರು. ‘ನೋಡುತ್ತ ಕೂಡುವುದು ಯಾವ ಸಂಪ್ರದಾಯ, ಮಾವ?’ ಎಂದು ಅವಳು ಮೆಲ್ಲನೆ ಕೇಳಿದಳು. ಹದಿನೈದು ವರ್ಷದಲ್ಲಿ ಆ ಇಬ್ಬರ ನಡುವೆ ಅಂಥ ಮಾತು ನಡೆದದ್ದನ್ನು ನಾನು ಕಂಡಿರಲಿಲ್ಲ. ಇಬ್ಬರದೂ ಸರಿಯೆಂದು ನನಗೆ ತೋರಿತು. ಇಬ್ಬರದೂ ಸರಿಯೆನ್ನುವವನಿಂದ ಮನೆಗೆ ಏನೂ ಉಪಯೋಗವಿಲ್ಲ.

ತಂದೆಯವರು ಆಗಾಗ ಮಗಳಿಗೆ ಹೇಳುತ್ತಿದ್ದ ಕಥೆಯೊಂದಿದೆ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲಿನದು. ಕ್ರಿ.ಶ. 949–50ರ ಶಾಸನ, ಇಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲಿದೆ. ಗಂಗ ಬೂತುಗನ ಕಡೆಯ ಮಣಲೆರನೆಂಬ ವೀರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ. ಮೆಚ್ಚಿದ ಒಡೆಯ ಬೇಡಿದ್ದನ್ನು ಕೊಡುವೆನೆಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ನಾಯಿ ಬೇಟೆಯಲ್ಲಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಮಣಲೆರ ಅದಕ್ಕೊಂದು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂದು ಅಲ್ಲಿಯ ಗೊರವನಿಗೆ ಕಟ್ಟಳೆ ಮಾಡಿದ. ರಾಜರ ಜಯವನ್ನೂ ನಾಯಿಯ ಮರಣವನ್ನೂ ಒಂದೇ ಕಲ್ಲಿನ ಮೇಲೆ ಕೆತ್ತಿಸಿದ ನಾಡು ಇದು. ಆ ದಿನಗಳಲ್ಲೊಂದು ಸಂಜೆ ಮಗಳು ಕೇಳಿದಳು: ‘ತಾತ, ಕಾಳಿಗೆ ಬೇಗ ಪ್ರಾಣ ಹೋಯಿತಾ, ನಿಧಾನಕ್ಕೆ ಹೋಯಿತಾ?’ ಶಾಸನದಲ್ಲಿ ಅದನ್ನು ಬರೆದಿಲ್ಲವೆಂದು ಅವರು ಉತ್ತರ ಕೊಟ್ಟರು. ಆಮೇಲೆ ಬಹಳ ಹೊತ್ತು ಹಿತ್ತಲ ಕಟ್ಟೆಯ ಮೇಲೆಯೇ ಕೂತಿದ್ದರು.

ವೈದ್ಯರು ಯಾವ ಪಕ್ಷವನ್ನೂ ಹಿಡಿಯಲಿಲ್ಲ. ಅವರು ಹೇಳಿದ್ದು ಇಷ್ಟು: ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕಿ. ತಾನಾಗಿ ಎದ್ದಿತೇ, ಏನಾದರೂ ತಿಂದಿತೇ, ಮನೆಯವರನ್ನು ಕಂಡು ಬಾಲವಾಡಿಸಿತೇ, ನೋವಿಲ್ಲದೆ ಮಲಗಿತೇ. ಒಳ್ಳೆಯ ದಿನಕ್ಕೆ ಸೊನ್ನೆ, ಕೆಟ್ಟ ದಿನಕ್ಕೆ ಗೀಟು. ಗೀಟುಗಳು ಸೊನ್ನೆಗಳನ್ನು ಮೀರಿದಾಗ ನನಗೆ ಫೋನು ಮಾಡಿ. ಇಂಥ ಇಕ್ಕಟ್ಟಿನಲ್ಲಿರುವ ಬೇರೆ ಕುಟುಂಬಗಳಿಗೂ ಈ ಉಪಾಯವನ್ನು ನಾನು ಹೇಳುತ್ತೇನೆ. ನಾಳೆ ಸರಿಹೋದೀತೆಂಬ ಆಸೆಗೂ ಇವತ್ತೇ ಮುಗಿಸಿಬಿಡೋಣವೆಂಬ ದಣಿವಿಗೂ ಈ ಗುರುತುಗಳು ಸಮಾನವಾಗಿ ಅಡ್ಡ ನಿಲ್ಲುತ್ತವೆ. ಗುರುತು ಹಾಕುವ ಕೆಲಸವನ್ನು ತಂದೆಯವರೇ ವಹಿಸಿಕೊಂಡರು. ಅವರು ಸುಳ್ಳು ಬರೆಯುವವರಲ್ಲ. ಮೇ ತಿಂಗಳ ಹಾಳೆಯಲ್ಲಿ ಸೊನ್ನೆಗಳೇ ಹೆಚ್ಚಿದ್ದವು. ಜೂನಿನ ಎರಡನೆಯ ವಾರ ಗೀಟಿನ ಪಕ್ಕದಲ್ಲಿ ಗೀಟು, ಗೀಟಿನ ಪಕ್ಕದಲ್ಲಿ ಗೀಟು. ಎಂಟನೆಯ ಗೀಟು ಹಾಕಿದ ಬೆಳಗ್ಗೆ ಅವರು ಸೊಸೆಯನ್ನು ಕರೆದು, ‘ಡಾಕ್ಟರಿಗೆ ನೀನೇ ಹೇಳಮ್ಮ, ನನಗೆ ಆಗುವುದಿಲ್ಲ’ ಎಂದರು.

ವೈದ್ಯರು ಮನೆಗೇ ಬಂದರು. ಮೊದಲು ಮಂಪರು ಬರಿಸುವ ಚುಚ್ಚುಮದ್ದು. ನಿದ್ದೆ ಹತ್ತಿದ ಮೇಲೆ ಎರಡನೆಯದು. ಕರಿಯನ ತಲೆ ತಂದೆಯವರ ತೊಡೆಯ ಮೇಲಿತ್ತು. ಹಿತ್ತಲ ಬಾಗಿಲು ತೆರೆದಿತ್ತು. ಮಗಳನ್ನು ಶಾಲೆಗೆ ಕಳಿಸುವುದೋ ಬೇಡವೋ ಎಂದು ಹಿಂದಿನ ರಾತ್ರಿ ನಾವು ಚರ್ಚಿಸಿದ್ದೆವು, ಅವಳನ್ನೇ ಕೇಳಿದ್ದಾಯಿತು. ಅವಳು ಮನೆಯಲ್ಲಿ ಉಳಿದಳು, ಮುಂದಿನ ಕೋಣೆಯಲ್ಲಿ. ಮಹಡಿಯ ಯುವಕ ಮಲಗದೆ ಕೆಳಗಿಳಿದು ಬಂದು ಬಾಗಿಲ ಬಳಿ ನಿಂತಿದ್ದ.

ಇಲ್ಲಿ ಒಂದು ವಿಷಯವನ್ನು ಓದುಗರು ತಿಳಿದಿರಬೇಕು. ಈ ಕೆಲಸಕ್ಕೆ ಬಳಸುವ ಔಷಧ ಸತ್ತ ದೇಹದಲ್ಲಿ ಬಹಳ ಕಾಲ ಉಳಿಯುತ್ತದೆ. ಹದ್ದು, ಕಾಗೆ, ಬೀದಿನಾಯಿ ಯಾವುದು ಅದನ್ನು ತಿಂದರೂ ಅವಕ್ಕೆ ಅಪಾಯ. ದೇಹವನ್ನು ಬಯಲಿನಲ್ಲಿ ಬಿಸಾಡುವ ಮಾತೇ ಇಲ್ಲ. ನಗರದಲ್ಲಿ ಪ್ರಾಣಿಗಳ ದಹನಕ್ಕೆ ವ್ಯವಸ್ಥೆಯಿದೆ. ಸ್ವಂತ ಹಿತ್ತಲಿದ್ದವರು ಹೂಳುವುದಾದರೆ ನಾಲ್ಕಡಿಗೆ ಕಡಿಮೆಯಿಲ್ಲದ ಗುಂಡಿ ತೋಡಬೇಕು, ಬಾವಿಯಿಂದ ದೂರವಿರಬೇಕು. ನಮ್ಮ ಬಾವಿ ಹಿತ್ತಲ ನಡುವೆಯೇ ಇರುವುದರಿಂದ ದಹನವನ್ನೇ ಆರಿಸಿದೆವು. ಗುಂಡಿ ತೋಡಿ ಮೇಲೊಂದು ಸಂಪಿಗೆ ನೆಡಬೇಕೆಂದು ಮಗಳಿಗೆ ಆಸೆಯಿತ್ತು. ಸಂಪಿಗೆಯನ್ನೇನೋ ನೆಟ್ಟೆವು, ಕಾಂಪೌಂಡಿನ ಬಳಿ. ಅದಕ್ಕೆ ಬೀದಿದೀಪದ ಚಿಂತೆಯಿಲ್ಲ.

ಹೊಸ ಮರಿಯ ಮಾತು ಹದಿನೈದು ದಿನದೊಳಗೇ ಎದ್ದಿತು. ತಂದೆಯವರು ಒಪ್ಪಲಿಲ್ಲ. ತಮಗೆ ಎಪ್ಪತ್ತನಾಲ್ಕು, ಇಂದು ಮರಿ ತಂದರೆ ಅದು ಮುದಿಯಾಗುವಾಗ ಅದರ ಹಿಂದೆ ಯಾರು ನಡೆಯಬೇಕೆಂದು ಅವರ ಪ್ರಶ್ನೆ. ಈ ಪ್ರಶ್ನೆಯನ್ನು ಮುಂಚಿತವಾಗಿ ಕೇಳಿಕೊಳ್ಳುವವರು ಕಡಿಮೆ. ವಯಸ್ಸಾದವರಿಗೆ ಪ್ರಾಣಿಯ ಜೊತೆ ಬೇಕೆನಿಸಿದರೆ ಐದಾರು ವರ್ಷ ದಾಟಿದ, ಯಾರೂ ಒಯ್ಯದ ನಾಯಿಯನ್ನು ಆಶ್ರಯಧಾಮಗಳಿಂದ ತರುವುದು ವಾಸಿ. ಅದಕ್ಕೆ ಚಪ್ಪಲಿ ಕಚ್ಚುವ ವಯಸ್ಸು ಕಳೆದಿರುತ್ತದೆ. ಆ ವಿಚಾರ ಇನ್ನೂ ಮನೆಯಲ್ಲಿ ನಡೆಯುತ್ತಿರುವಾಗಲೇ ಎದುರು ಮನೆಯ ಅಮ್ಮನವರು ಬಂದರು. ಮಗನ ಮನೆಗೆ ಡಲ್ಲಾಸಿಗೆ ಆರು ತಿಂಗಳು ಹೊರಟಿದ್ದಾರೆ. ಅವರ ಬೆಕ್ಕಿಗೆ ಹದಿನೇಳು ವರ್ಷ. ‘ಮೇಷ್ಟ್ರು ನೀರನ್ನ ಅಳೆದು ಹಾಕ್ತಾರೆ ಅಂತ ಕೇಳಿದೀನಿ’ ಎಂದು ಬುಟ್ಟಿಯನ್ನು ಜಗಲಿಯ ಮೇಲಿಟ್ಟರು.

ಬೆಕ್ಕು ಯಾರನ್ನೂ ಕಣ್ಣೆತ್ತಿ ನೋಡುವುದಿಲ್ಲ. ಮೂರು ದಿನ ಬೀರುವಿನ ಕೆಳಗಿತ್ತು. ಈಗ ಬೆಳಗಿನ ಬಿಸಿಲಿಗೆ ಕನಕಾಂಬರದ ಪಾತಿಯ ಪಕ್ಕದಲ್ಲಿ ಕೂಡುತ್ತದೆ. ಲಿಲ್ಲಿ ಗಿಡದ ಎಲೆ, ಹೂವಿನ ಪುಡಿ ಕೂಡ ಬೆಕ್ಕಿನ ಮೂತ್ರಪಿಂಡಕ್ಕೆ ವಿಷವಾದ್ದರಿಂದ ನಮ್ಮಲ್ಲಿದ್ದ ಎರಡು ಲಿಲ್ಲಿ ಕುಂಡಗಳನ್ನು ಮಹಡಿಯ ಯುವಕನ ಬಾಲ್ಕನಿಗೆ ಸಾಗಿಸಿದ್ದೇವೆ. ಅವನು ಅವಕ್ಕೆ ರಾತ್ರಿ ಎರಡು ಗಂಟೆಗೆ ನೀರು ಹಾಕುತ್ತಾನೆ.